ಹದಿನಾಲ್ಕನೆಯ ಸಾಲು

ಆ ಬಸ್ಸು ನಮ್ಮ ಶೆಡ್ಡಿನೊಳಗೆ ಬಂದು ನಿಂತಾಗ ಬಾಗಿಲಿನಿಂದ ಮೊದಲು ಇಳಿದದ್ದು ಒಂದು ಹೊಲಿಗೆ ಯಂತ್ರ. ಅದರ ಒಂದು ತುದಿ ಹಿಡಿದಿದ್ದವರು ಐವತ್ತೆಂಟು ವರ್ಷದ ಹೆಂಗಸು, ಇನ್ನೊಂದು ತುದಿ ಹಿಡಿದು ಏದುಸಿರು ಬಿಡುತ್ತಿದ್ದವರು ಅವರ ಗಂಡ. ನನ್ನ ಮರಗೆಲಸದ ಮೂಲೆಯನ್ನು ಆಕೆ ಒಮ್ಮೆ ನೋಡಿದರು, ನೆಲದ ಮೇಲಿನ ಹೊಟ್ಟನ್ನು ನೋಡಿದರು. "ಇದರ ಹೊಟ್ಟೆಗೆ ಮರದ ಪುಡಿ ಹೋದ್ರೆ ನಮ್ಮ ಹೊಟ್ಟೆಗೆ ಏನೂ ಹೋಗಲ್ಲ," ಎಂದು ಹೇಳಿ ಯಂತ್ರವನ್ನು ನನ್ನಿಂದ ಆದಷ್ಟು ದೂರದ ಗೋಡೆಯ ಪಕ್ಕ ಇಡಿಸಿ, ಮೇಲೆ ಎರಡು ಪದರ ಬೆಡ್‌ಶೀಟು ಹೊದಿಸಿದರು. ಆಮೇಲೆಯೇ ತಮ್ಮನ ಕಡೆ ತಿರುಗಿದ್ದು. "ಏನೋ ಪುಟ್ಟ, ಸೊರಗಿ ಹೋಗಿದ್ದೀಯಲ್ಲ," ಎಂದರು.

ಪುಟ್ಟನಿಗೆ ಆಗ ಐವತ್ತಮೂರು. ತಲೆ ಅರ್ಧ ಬೋಳಾಗಿತ್ತು. ಶೆಡ್ಡಿನಲ್ಲಿ ಅವನನ್ನು ಯಾರೂ ಹಾಗೆ ಕರೆಯುವುದಿರಲಿ, ಅವನಿಗೆ ಅಕ್ಕ ಇದ್ದಾರೆ ಎನ್ನುವುದೇ ಅರ್ಧ ಜನಕ್ಕೆ ಗೊತ್ತಿರಲಿಲ್ಲ. ನಮಗೆ ಅವನು ಸೋಪಣ್ಣ.

ಆ ಹೆಸರು ಬಂದ ಬಗೆ ಹೇಳಬೇಕು. ನಾವು ಮಾಡುವುದು ಮನೆಗಾಡಿ. ಹಳೆಯ ವ್ಯಾನು, ಬಸ್ಸುಗಳ ಸೀಟು ಕಿತ್ತು, ಒಳಗೆ ಮಂಚ, ಅಡುಗೆಕಟ್ಟೆ, ಬಚ್ಚಲು ಕೂರಿಸಿ, ಜನ ಅದರಲ್ಲೇ ಬಾಳುವ ಹಾಗೆ ಮಾಡಿಕೊಡುತ್ತೇವೆ. ಮಂಚ, ಕಪಾಟು ನನ್ನ ಪಾಲು. ಗ್ಯಾಸು ಅವನ ಪಾಲು: ಒಲೆ, ಬಿಸಿನೀರು, ಚಳಿಗೆ ಹೀಟರ್. ಗ್ಯಾಸಿನ ಪೈಪಿನ ಒಂದೊಂದು ಕೂಡಿಕೆಗೂ ಸೋಪಿನ ನೀರು ಹಚ್ಚಿ, ಗುಳ್ಳೆ ಏಳುತ್ತದೆಯೇ ಎಂದು ಅವನು ಮೂಗು ತಾಗುವಷ್ಟು ಹತ್ತಿರದಿಂದ ನೋಡುತ್ತಿದ್ದ. ಗುಳ್ಳೆ ಎದ್ದರೆ ಗ್ಯಾಸು ಸೋರುತ್ತಿದೆ ಎಂದರ್ಥ. ಎಲ್ಲರೂ ಒಂದು ಸಲ ನೋಡಿದರೆ ಇವನು ಮೂರು ಸಲ. ಮಾಲೀಕರಿಗೆ ಸೋಪು ಹಾಕಿ ಮುಂದೆ ಬಂದವರನ್ನು ನೋಡಿದ್ದೇವೆ, ಪೈಪಿಗೆ ಸೋಪು ಹಾಕಿ ಇದ್ದಲ್ಲೇ ಉಳಿದವನು ಇವನೊಬ್ಬನೇ ಎಂದು ನಾನೇ ಒಂದು ದಿನ ತಮಾಷೆ ಮಾಡಿದೆ. ಹೆಸರು ಅಂಟಿಕೊಂಡಿತು.

ಅವನ ಕಬ್ಬಿಣದ ಬೀರುವಿನ ಬಾಗಿಲಿನ ಒಳಮೈಗೆ ಒಂದು ಹಾಳೆ ಅಂಟಿಸಿತ್ತು. ಅದರಲ್ಲಿ ಹದಿನಾಲ್ಕು ಸಾಲು, ಅವನದೇ ಗುಂಡು ಅಕ್ಷರ. ಹೀಟರ್ ಕೂರಿಸುವ ಕ್ರಮ ಅದು. ಸಿಲಿಂಡರಿನ ಗೂಡು ಹೊರಗಿನಿಂದ ಮಾತ್ರ ತೆರೆಯಬೇಕು, ತಳದಲ್ಲಿ ಕಿಂಡಿ ಇರಬೇಕು, ಏಕೆಂದರೆ ಸಿಲಿಂಡರಿನ ಗ್ಯಾಸು, ಪ್ರೊಪೇನು, ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲಿ ಹಾವಿನ ಹಾಗೆ ಹರಿದು ತಗ್ಗಿನಲ್ಲಿ ಮಡುಗಟ್ಟುತ್ತದೆ. ತಾಮ್ರದ ಪೈಪು ನೆಲ ತೂರುವ ಕಡೆ ರಬ್ಬರಿನ ಬಳೆ ಬೇಕು, ಇಲ್ಲದಿದ್ದರೆ ಗಾಡಿ ಅಲುಗಿ ಅಲುಗಿ ತಗಡೇ ಪೈಪನ್ನು ಕೊಯ್ಯುತ್ತದೆ. ಹೀಟರಿನ ಸುತ್ತ ಮರ ಎಷ್ಟು ದೂರ ಇರಬೇಕೆಂದು ಅದರ ಫಲಕದ ಮೇಲೆ ಬರೆದಿರುತ್ತದೆ, ಅದಕ್ಕಿಂತ ಒಂದು ಬೆರಳು ಹತ್ತಿರ ಬಂದರೂ ನನ್ನ ಕಪಾಟನ್ನು ಅವನು ಬಿಚ್ಚಿಸುತ್ತಿದ್ದ. ಆ ಜಗಳ ನಮ್ಮಿಬ್ಬರ ನಡುವೆ ಹದಿನೇಳು ವರ್ಷ ನಡೆದಿದೆ, ಒಮ್ಮೆಯೂ ನಾನು ಗೆದ್ದಿಲ್ಲ.

ಹದಿನಾಲ್ಕನೆಯ ಸಾಲು, ಎಲ್ಲಕ್ಕಿಂತ ಕೊನೆಯದು, ಎಚ್ಚರಿಕೆ ಗಂಟೆ. ಅಂಗೈಯಗಲದ ಬಿಳಿ ಡಬ್ಬಿ. ಬೆಂಕಿಗೆ ಸಾಕಷ್ಟು ಗಾಳಿ ಸಿಗದೆ ಅರೆಬರೆ ಉರಿದಾಗ ಹುಟ್ಟುವ ವಿಷಗಾಳಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮನುಷ್ಯನ ಮೂಗಿಗೆ ಗೊತ್ತಾಗದ್ದು ಆ ಡಬ್ಬಿಗೆ ಗೊತ್ತಾಗಿ ಕಿವಿ ಹರಿಯುವ ಹಾಗೆ ಕೂಗುತ್ತದೆ. ಅದನ್ನು ಕೊನೆಗೆ ಹಾಕುವುದಕ್ಕೆ ಕಾರಣವಿತ್ತು. ಗೋಂದು, ಬಣ್ಣ, ಮರದ ಧೂಳು ತಾಗಿದರೆ ಅದರ ಒಳಗಿನ ಸೂಕ್ಷ್ಮ ಭಾಗ ಕೆಡುತ್ತದೆ. ಎಲ್ಲ ಕೆಲಸ ಮುಗಿದು, ಗುಡಿಸಿ ಒರೆಸಿ, ಗಾಡಿಯ ಕೀಲಿ ಕೊಡುವ ಮುಂಚೆ ಅದನ್ನು ತಿರುಪು ಹಾಕಿ ಬಿಗಿಯುತ್ತಿದ್ದ. ಆ ಕ್ರಮ ತಪ್ಪಿದ್ದನ್ನು ನಾನು ನೋಡಿಲ್ಲ.

ತಾಯಿ ಸತ್ತಾಗ ಅವನಿಗೆ ಆರು, ಅಕ್ಕನಿಗೆ ಹನ್ನೊಂದು. ಅಪ್ಪ ಇದ್ದೂ ಇಲ್ಲದ ಹಾಗೆ. ಅಕ್ಕ ಶಾಲೆ ಬಿಟ್ಟು ಪಕ್ಕದ ಬೀದಿಯ ಟೈಲರಮ್ಮನ ಹತ್ತಿರ ಗುಂಡಿ ಹೊಲಿಯಲು ಕುಳಿತರು. ತಮ್ಮನನ್ನು ತಾಂತ್ರಿಕ ಶಾಲೆಗೆ ಸೇರಿಸಿದ್ದು, ಮೊದಲ ದಿನ ಅವನು ಅಳುತ್ತಾ ಓಡಿಬಂದಾಗ ಕಿವಿ ಹಿಡಿದು ಮತ್ತೆ ಬಿಟ್ಟು ಬಂದದ್ದು, ಅವನಿಗೆ ಹೆಣ್ಣು ನೋಡಿದ್ದು, ಎಲ್ಲ ಅಕ್ಕನೇ. ಇದನ್ನು ಅವನು ಒಂದೇ ಸಲ ಕೂತು ಹೇಳಿದವನಲ್ಲ. ಹದಿನೇಳು ವರ್ಷದಲ್ಲಿ ಚಹಾದ ಹೊತ್ತಿನಲ್ಲಿ ಚೂರು ಚೂರೇ ಬಿದ್ದದ್ದನ್ನು ನಾನು ಜೋಡಿಸಿಕೊಂಡಿದ್ದೇನೆ.

ಬಸ್ಸು ಹಿಂದೆ ಸಂಚಾರಿ ಗ್ರಂಥಾಲಯದ್ದು. ಇಪ್ಪತ್ತಾರು ವರ್ಷ ಅದನ್ನು ಊರೂರಿಗೆ ಓಡಿಸಿದವರು ಅವನ ಭಾವ. ಓದುವವರು ಕಡಿಮೆಯಾಗಿ ಬಸ್ಸನ್ನು ಮೂಲೆಗೆ ತಳ್ಳಿದ ವರ್ಷವೇ ಭಾವನಿಗೂ ನಿವೃತ್ತಿ. ಬಸ್ಸೂ ಗಂಡನೂ ಒಟ್ಟಿಗೆ ತನ್ನ ತಲೆಗೆ ಗಂಟುಬಿದ್ದರು ಎಂದು ಅಕ್ಕ ನಗುತ್ತಿದ್ದರು. ಮಕ್ಕಳಿರಲಿಲ್ಲ. ಹರಾಜಿಗೆ ಬಂದ ಬಸ್ಸನ್ನು ಕೊಂಡು, ಬಾಡಿಗೆ ಮನೆ ಬಿಟ್ಟು ಅದರಲ್ಲೇ ಸಂಸಾರ ಹೂಡಿ, ಸಂತೆಯಿಂದ ಸಂತೆಗೆ ಹೋಗಿ, ಅಕ್ಕ ಬಟ್ಟೆ ಹೊಲಿದು ಕೊಡುವುದು, ಭಾವ ಗಾಡಿ ಓಡಿಸುವುದು. ಪುಸ್ತಕದ ಕಪಾಟುಗಳನ್ನು ಹಾಗೆಯೇ ಉಳಿಸಿಕೊಂಡಿದ್ದರು. 'ಪ್ರವಾಸ ಕಥನ' ಎಂದು ಬರೆದ ಕಡೆ ಉಣ್ಣೆ ಬಟ್ಟೆ, 'ವಿಜ್ಞಾನ'ದಲ್ಲಿ ದಾರದ ಉಂಡೆ, 'ಮಕ್ಕಳ ವಿಭಾಗ'ದಲ್ಲಿ ಅಡುಗೆ ಸಾಮಾನು. ಒಲೆಯೊಂದು ಮೊದಲಿನಿಂದ ಇತ್ತು. ಹೀಟರ್ ಇರಲಿಲ್ಲ. ಚಳಿಗಾಲಕ್ಕೆ ಅವರು ತಗ್ಗಿನ ಊರುಗಳಿಗೆ ಇಳಿದುಬಿಡುತ್ತಿದ್ದರು.

ಆ ವರ್ಷ ಮಾತ್ರ ಮೇಲಿನ ಬೆಟ್ಟದೂರಿನಲ್ಲಿ ಕೆಲಸ ಒಪ್ಪಿಕೊಂಡಿದ್ದರು. ಅಲ್ಲೊಂದು ಹೊಸ ವಸತಿಗೃಹ ತೆರೆಯುವುದರಲ್ಲಿತ್ತು, ಅದಕ್ಕೆ ನಲವತ್ತೆರಡು ದಪ್ಪ ಪರದೆ ಹೊಲಿಯಬೇಕು, ದಿನ ಗೊತ್ತಾಗಿತ್ತು. ಹಾಗಾಗಿ ಹೀಟರ್. ಭಾವ ಒಂದು ಹಳೆಯದನ್ನು ಗುಜರಿಯಿಂದ ಆರಿಸಿ, ಎಂಟು ದಿನ ಕೂತು ತಿಕ್ಕಿ, ಬೆಳ್ಳಿ ಬಣ್ಣ ಬಳಿದು ತಂದಿದ್ದರು. ಮದುಮಗಳ ಹಾಗೆ ಕಾಣುತ್ತಿತ್ತು.

ಸೋಪಣ್ಣ ಅದನ್ನು ಬಿಚ್ಚಿದ. ಇಂಥ ಹೀಟರಿನಲ್ಲಿ ಬೆಂಕಿ ಉರಿಯುವುದು ಒಂದು ಮುಚ್ಚಿದ ಉಕ್ಕಿನ ಗೂಡಿನಲ್ಲಿ. ಅದು ಉಸಿರಾಡುವುದು ಹೊರಗಿನ ಗಾಳಿ, ಹೊಗೆ ಬಿಡುವುದೂ ಗೋಡೆಯ ತೂತಿನಿಂದ ಹೊರಕ್ಕೇ. ಮನೆಯೊಳಗಿನ ಗಾಳಿ ಆ ಬಿಸಿ ಗೂಡನ್ನು ಹೊರಗಿನಿಂದ ಸವರಿಕೊಂಡು ಬೆಚ್ಚಗಾಗುತ್ತದೆ, ಅಷ್ಟೇ. ಒಳಗಿನದಕ್ಕೂ ಹೊರಗಿನದಕ್ಕೂ ಎಂದೂ ಮುಖಾಮುಖಿ ಆಗಬಾರದು. ಅವನು ಬಸ್ಸಿನ ಕಿಟಕಿಗಳಿಗೆಲ್ಲ ಕಂಬಳಿ ಕಟ್ಟಿ ಕತ್ತಲು ಮಾಡಿ, ಗೂಡಿನೊಳಗೆ ಟಾರ್ಚು ಇಟ್ಟ. ಮೂಲೆಯಲ್ಲಿ ಕೂದಲೆಳೆಯಷ್ಟು ಬೆಳಕು ಹೊರಗೆ ಬಂತು. ಗೂಡು ಬಿರುಕು ಬಿಟ್ಟಿತ್ತು.

"ಅಷ್ಟು ಸಣ್ಣದು. ಬೆಸುಗೆ ಹಾಕಿದ್ರೆ ಆಗಲ್ವಾ?" ಎಂದರು ಭಾವ.

"ಬೆಸುಗೆ ಪಕ್ಕದಲ್ಲೇ ಮತ್ತೆ ಬಿರುಕು ಬಿಡುತ್ತೆ ಭಾವ. ಇದನ್ನ ನಾನು ಹಾಕಲ್ಲ."

"ನೀನು ಹಾಕದಿದ್ರೆ ಬೇರೆಯವರು ಹಾಕ್ತಾರಪ್ಪ."

ಸೋಪಣ್ಣ ಸುತ್ತಿಗೆ ತಂದು, ಆ ಬೆಳ್ಳಿ ಬಣ್ಣದ ಹೀಟರನ್ನು ಶೆಡ್ಡಿನ ಹೊರಗೆ ಕಲ್ಲಿನ ಮೇಲಿಟ್ಟು, ಯಾರೂ ಎಂದೂ ಎಲ್ಲೂ ಹಾಕಲಾಗದ ಹಾಗೆ ಜಜ್ಜಿದ. ಭಾವ ಸಂಜೆಯವರೆಗೆ ಅವನ ಜೊತೆ ಮಾತು ಬಿಟ್ಟರು. ಅಕ್ಕ ಮಾತ್ರ ನನ್ನ ಹತ್ತಿರ, ನೋಡಿ, ಸಣ್ಣವನಾಗಿದ್ದಾಗ ಒಂದು ಇರುವೆ ಕೊಲ್ಲೋಕೂ ಹೆದರ್ತಿದ್ದ, ಎಂದು ಹೆಮ್ಮೆಯಿಂದ ಹೇಳಿದರು.

ಹೊಸ ಹೀಟರ್ ತರಿಸಲು ಮೂರು ವಾರ ಬೇಕಿತ್ತು. ಅಷ್ಟು ದಿನ ಕಾಯುವ ಹಾಗಿರಲಿಲ್ಲ. ಪರದೆಯ ಬಟ್ಟೆ ಆಗಲೇ ಬೆಟ್ಟದೂರಿಗೆ ಹೋಗಿ ಬಿದ್ದಿತ್ತು. ಚಳಿ ಬಲಿಯುವುದಕ್ಕೆ ಇನ್ನೂ ಒಂದು ತಿಂಗಳಿದೆ ಎಂದು ಎಲ್ಲರ ಲೆಕ್ಕ. ಆದ್ದರಿಂದ ಮಾಡಬಹುದಾದ್ದನ್ನೆಲ್ಲ ಅವನು ಮಾಡಿಟ್ಟ. ಸಿಲಿಂಡರಿನ ಗೂಡು ಸರಿಮಾಡಿದ. ಪೈಪು ಎಳೆದು, ತುದಿಗೆ ಹಿತ್ತಾಳೆಯ ಮುಚ್ಚಳ ಬಿಗಿದು, ಸೋಪುನೀರು ಹಚ್ಚಿ ನೋಡಿದ. ಹೊಗೆಯ ತೂತನ್ನು ಕಿಟಕಿಯಿಂದ ದೂರಕ್ಕೆ ಅಳೆದು ಕೊರೆದು ಸದ್ಯಕ್ಕೆ ತಗಡಿನಿಂದ ಮುಚ್ಚಿದ. ನಾನು ಹೀಟರಿನ ಕಪಾಟು ಕಟ್ಟಿದೆ. ಹಾಳೆಯಲ್ಲಿ ಒಂಬತ್ತನೆಯ ಸಾಲಿನವರೆಗೆ ಸರಿಗುರುತು ಬಿತ್ತು. ಉಳಿದ ಐದು ಹೀಟರ್ ಬಂದ ಮೇಲೆ ಅವನೇ ಮೇಲೆ ಹೋಗಿ ಮಾಡುವುದು ಎಂದಾಯಿತು.

ಹೊರಡುವಾಗ ಅವನು ಇಬ್ಬರನ್ನೂ ಎದುರಿಗೆ ನಿಲ್ಲಿಸಿಕೊಂಡು ಪಾಠ ಒಪ್ಪಿಸಿದ. ಒಲೆ ಅಡುಗೆಗೆ ಮಾತ್ರ, ಚಳಿ ಕಾಯಿಸಲು ಅಲ್ಲ. ಸೂರಿನ ಮೇಲಿನ ಕಿಂಡಿ ಎರಡು ಬೆರಳಗಲ ಯಾವಾಗಲೂ ತೆರೆದಿರಬೇಕು. ಭಾವ ಕಿಟಕಿಗಳ ಸಂದಿಗೆಲ್ಲ ಬಟ್ಟೆ ತುರುಕಿ ಬಸ್ಸನ್ನು ಬಿಗಿ ಮಾಡಿದ್ದರು, ಅದಕ್ಕೇ ಈ ಮಾತನ್ನು ಅವನು ಎರಡು ಸಲ ಹೇಳಿದ. ಅಕ್ಕ ಶಾಲೆಯ ಹುಡುಗಿಯ ಹಾಗೆ ಕೈ ಕಟ್ಟಿ ನಿಂತು, "ಆಯ್ತು ಮೇಷ್ಟ್ರೆ," ಎಂದರು. ಹೊಲಿಗೆ ಯಂತ್ರವನ್ನು ನಾವು ನಾಲ್ಕು ಜನ ಹತ್ತಿಸಿದೆವು.

ಅವರು ಹೊರಟು ಹದಿನಾರು ದಿನವಾಗಿತ್ತು. ಸಂಜೆ ಐದರ ಹೊತ್ತಿಗೆ ಸೋಪಣ್ಣನ ಫೋನು ಬಡಿಯುವವರೆಗೂ ಅದು ಬೇರೆ ಯಾವುದೇ ದಿನದ ಹಾಗೆಯೇ ಇತ್ತು. ಅವನು ಫೋನು ಕಿವಿಗಿಟ್ಟು, ಆ ಕಡೆಯ ದನಿ ಕೇಳಿ, "ಹೇಳಿ ಭಾವ," ಎಂದ. ನಿಧಾನವಾಗಿ ಫೋನನ್ನು ಮೇಜಿನ ಮೇಲೆ, ಇನ್ನೂ ಮಾತು ಬರುತ್ತಿದ್ದ ಹಾಗೆಯೇ, ಅಂಗಾತ ಇಟ್ಟ.

ನಡೆದದ್ದು ಇಷ್ಟು. ಬೆಟ್ಟದೂರಿನಲ್ಲಿ ಚಳಿ ಎರಡು ವಾರ ಮುಂಚೆಯೇ ಇಳಿದಿತ್ತು. ಅಕ್ಕನ ಬೆರಳು ಮರಗಟ್ಟಿ ಸೂಜಿಗೆ ದಾರ ಏರುತ್ತಿರಲಿಲ್ಲ. ಹನ್ನೊಂದು ಪರದೆ ಬಾಕಿ. ಬೆಳಿಗ್ಗೆ ಒಲೆಯ ಎರಡೂ ಬರ್ನರು ಮುಚ್ಚುವ ಹಾಗೆ ಒಂದು ದಪ್ಪ ಕಬ್ಬಿಣದ ಹಲಗೆ ಇಟ್ಟು, ಅದರ ಮೇಲೆ ಇಸ್ತ್ರಿಪೆಟ್ಟಿಗೆ ಕಾಯಲು ಇಟ್ಟರು. ಹೊಲಿಗೆಯ ಸಾಲು ಕೂರಿಸಲು ಇಸ್ತ್ರಿ ಬೇಕೇ ಬೇಕು, ಜೊತೆಗೆ ಹಲಗೆ ಕಾದು ಬಸ್ಸೂ ಬೆಚ್ಚಗಾಗುತ್ತದೆ. ಹಲಗೆಯ ಕೆಳಗೆ ಉರಿಗೆ ಉಸಿರು ಕಟ್ಟಿ ಅದು ಹಳದಿಯಾಗಿ ಉರಿಯುತ್ತಿದ್ದದ್ದು ಯಾರಿಗೂ ಕಾಣುವ ಹಾಗಿರಲಿಲ್ಲ. ಭಾವ ಪರದೆಯ ಬಳೆಗಳನ್ನು ತರಲು ಪೇಟೆಗೆ ಹೊರಟರು. ಅಂಗಡಿ ಮುಚ್ಚಿತ್ತು, ಮೂರಕ್ಕೆ ತೆಗೆಯುತ್ತಾರೆಂದು ಅಲ್ಲೇ ಕಾದರು. ನಾಲ್ಕಕ್ಕೆ ಬಂದು ಬಾಗಿಲು ತೆಗೆದಾಗ ಅಕ್ಕ ಯಂತ್ರದ ಮೇಲೆ ಕೆನ್ನೆಯಿಟ್ಟು ಮಲಗಿದ್ದರು. ಕೆನ್ನೆ ಕೆಂಪಾಗಿ ಆರೋಗ್ಯವಾಗಿ ಕಾಣುತ್ತಿತ್ತಂತೆ. ದಣಿದಿದ್ದಾಳೆ, ಮಲಗಲಿ ಎಂದು ಭಾವ ಬಳೆಗಳ ಪೊಟ್ಟಣವನ್ನು ಸದ್ದಾಗದ ಹಾಗೆ ಕೆಳಗಿಟ್ಟರಂತೆ.

ಅಂತ್ಯಕ್ರಿಯೆಗೆ ನಾನೂ ಹೋಗಿದ್ದೆ. ಆಸ್ಪತ್ರೆಯ ವೈದ್ಯರು ಇದು ನಿದ್ದೆ ಬಂದ ಹಾಗೆ, ನೋವು ಗೊತ್ತಾಗಿರುವುದಿಲ್ಲ ಎಂದು ಸಮಾಧಾನ ಹೇಳಿದರು. ಬಂದವರೆಲ್ಲ ಸೋಪಣ್ಣನ ಬೆನ್ನು ಸವರಿ, ನೀನು ಅಷ್ಟು ಹೇಳಿಕೊಟ್ಟಿದ್ದೆ, ಹಣೆಬರಹ ಎಂದರು. ಎಲ್ಲ ಮುಗಿದು ಜನ ಕರಗಿದ ಮೇಲೆ ನಾವು ಮೂವರು ಬಸ್ಸಿನ ಮೆಟ್ಟಿಲ ಹತ್ತಿರ ನಿಂತಿದ್ದೆವು. ಭಾವ ತಲೆಯೆತ್ತಿ ಸೂರಿನ ಕಡೆ ನೋಡುತ್ತಾ ಹೇಳಿದರು: "ಕುತ್ತಿಗೆ ಮೇಲೆ ಗಾಳಿ ಸುರೀತಿದೆ, ಸ್ವಲ್ಪ ಮುಚ್ಚಿ ಅಂದ್ಲು. ಹೋಗೋ ಮುಂಚೆ ಕಿಂಡಿ ನಾನೇ ಮುಚ್ಚಿದೆ. ನನ್ನ ಕೈಯಾರೆ."

ಸೋಪಣ್ಣನ ತುಟಿ ಅಲುಗಿತು. ನಾನು ಕಾದೆ. ಭಾವನೂ ಕಾದರು ಅನಿಸುತ್ತದೆ. ಅವನು ಭಾವನ ಭುಜದ ಮೇಲೆ ಕೈಯಿಟ್ಟ, ಅಷ್ಟೇ.

ಅವನ ತುಟಿಯವರೆಗೆ ಬಂದು ನಿಂತದ್ದು ಏನೆಂದು ನನಗೆ ಆಗಲೇ ಗೊತ್ತಿತ್ತು. ಎಚ್ಚರಿಕೆ ಗಂಟೆ ಹೀಟರಿನ ಜೊತೆ ಬರುವ ವಸ್ತುವಲ್ಲ. ಬೇರೆಯಾಗಿಯೇ ತರಿಸುತ್ತೇವೆ. ಬೇಸಿಗೆಯಲ್ಲಿ ತರಿಸಿದ ಆರರಲ್ಲಿ ಒಂದು ಉಳಿದಿತ್ತು. ಅಕ್ಕ ಕೈಕಟ್ಟಿ ನಿಂತು ಆಯ್ತು ಮೇಷ್ಟ್ರೆ ಎಂದಾಗ ಅದು ನಾನೇ ಮಾಡಿಕೊಟ್ಟ ಹಲಗೆಯ ಮೇಲೆ, ಅವನ ಬೆನ್ನ ಹಿಂದೆ ನಾಲ್ಕು ಹೆಜ್ಜೆ ದೂರದಲ್ಲಿ, ಬಿಚ್ಚದ ರಟ್ಟಿನ ಪೊಟ್ಟಣದಲ್ಲೇ ಇತ್ತು. ಎರಡು ತಿರುಪು ಹಾಕಿದ್ದರೆ ಮುಗಿಯುತ್ತಿತ್ತು. ಆದರೆ ಅದು ಹದಿನಾಲ್ಕನೆಯ ಸಾಲು, ಅವನು ಒಂಬತ್ತರಲ್ಲಿದ್ದ. ಹತ್ತರಿಂದ ಹದಿಮೂರು ಆಗದೆ ಹದಿನಾಲ್ಕು ಮಾಡುವುದು ಅವನ ತಲೆಗೇ ಹೊಳೆಯಲಿಲ್ಲ. ನನ್ನ ತಲೆಗೂ ಹೊಳೆಯಲಿಲ್ಲ.

ಹೀಟರ್ ಬಂದದ್ದು ಅಕ್ಕ ಹೋದ ಐದನೆಯ ದಿನ. ರಟ್ಟಿನ ಪೆಟ್ಟಿಗೆಯನ್ನು ಯಾರೂ ಮುಟ್ಟಲಿಲ್ಲ. ಅದಾಗಿ ವಾರಕ್ಕೆ ಭಾವ ಬಸ್ಸು ತಂದು ಶೆಡ್ಡಿನೊಳಗೆ ನಿಲ್ಲಿಸಿದರು. ಇಳಿದು ಬಂದು, "ಹಾಕಪ್ಪ. ಅವಳು ಆಸೆಪಟ್ಟಿದ್ದು," ಎಂದರು. ಮಾಲೀಕರು ಸೋಪಣ್ಣನಿಗೆ ಬೇಡ, ಬೇರೆ ಯಾರನ್ನಾದರೂ ಕರೆಸೋಣ ಎಂದರು. ಅವನು ಕೇಳಲಿಲ್ಲ.

ಎರಡು ದಿನ ಹಿಡಿಯಿತು. ನಾನು ಕಪಾಟಿನ ಬಾಗಿಲು ಹಿಡಿದು ಪಕ್ಕದಲ್ಲೇ ಇದ್ದೆ. ಹೊಗೆಯ ತೂತಿನ ತಗಡು ತೆಗೆದು, ಕೊಳವೆ ಕೂರಿಸಿ, ಬಿಸಿ ತಾಳುವ ಗೋಂದು ಸುತ್ತ ಎಳೆದ. ಹೀಟರನ್ನು ಜಾರಿಸಿ ಒಳಗೆ ನಿಲ್ಲಿಸಿ, ಎಡಕ್ಕೆ, ಬಲಕ್ಕೆ, ಮೇಲಕ್ಕೆ ಅಂತರ ಅಳೆದ. ನನ್ನ ಕಪಾಟು ಸರಿಯಾಗಿತ್ತು, ಆ ಒಂದು ಸಲ ಜಗಳವಿಲ್ಲ. ಪೈಪಿನ ಹಿತ್ತಾಳೆ ಮುಚ್ಚಳ ಬಿಚ್ಚಿ ಕೂಡಿಸಿದ, ಬ್ಯಾಟರಿಯಿಂದ ವೈರು ಎಳೆದು ಫ್ಯೂಸು ಹಾಕಿದ. ಗ್ಯಾಸು ಬಿಟ್ಟು ಸೋಪುನೀರು ಹಚ್ಚಿದ. ಒಂದೂ ಗುಳ್ಳೆ ಏಳಲಿಲ್ಲ. ಒರೆಸಿ ಮತ್ತೆ ಹಚ್ಚಿದ. ಎಷ್ಟು ಸಲ ಎಂದು ನಾನು ಎಣಿಸುವುದನ್ನು ಬಿಟ್ಟೆ. ಕೊನೆಗೆ ಗುಂಡಿ ಒತ್ತಿದ. ಮೊದಲು ಫ್ಯಾನು ತಿರುಗಿತು, ಅರೆನಿಮಿಷ ಬಿಟ್ಟು ಟಕಟಕ ಕಿಡಿ, ಆಮೇಲೆ ಮೆತ್ತಗೆ ಬೆಂಕಿ ಹತ್ತಿದ ಸದ್ದು. 'ಪ್ರವಾಸ ಕಥನ'ದ ಕೆಳಗಿನ ಜಾಲರಿಯಿಂದ ಬಿಸಿಗಾಳಿ ಬರತೊಡಗಿತು. ಹೊರಗೆ ಹೋಗಿ ಹೊಗೆಯ ತೂತು ನೋಡಿ ಬಂದ. ಎಲ್ಲ ಹೀಟರಿನ ಕೈಪಿಡಿಯಲ್ಲಿ ಬರೆದ ಹಾಗಿತ್ತು. ಹಾಗಾಗಿದ್ದೇ ನೋಡಲು ಕಷ್ಟವಾಗಿತ್ತು. ಒಂದಾದರೂ ಕೆಟ್ಟಿದ್ದರೆ ಕೈಗೆ ಕೆಲಸವಿರುತ್ತಿತ್ತು.

ಆಮೇಲೆ ಅವನು ಶೆಡ್ಡಿಗೆ ಇಳಿದು ಹಲಗೆಯ ಮೇಲಿನ ಡಬ್ಬಿ ತಂದ. ಮಂಚದ ತಲೆದಿಂಬಿನ ಎತ್ತರಕ್ಕೆ ಗುರುತು ಮಾಡಿ ಎರಡು ತಿರುಪು ಹಾಕಿ ಬಿಗಿದ. ಪರೀಕ್ಷೆಯ ಗುಂಡಿ ಒತ್ತಿದಾಗ ಅದು ಬಸ್ಸು ಬಿರಿಯುವ ಹಾಗೆ ಕೂಗಿತು. ಚಾಲಕನ ಸೀಟಿನಲ್ಲಿ ಕೂತಿದ್ದ ಭಾವ ಬೆಚ್ಚಿ ಎದ್ದು ಬಂದರು.

"ಏನಿದು?"

"ವಿಷಗಾಳಿ ತುಂಬಿದ್ರೆ ಕೂಗುತ್ತೆ ಭಾವ."

ಭಾವ ಅದನ್ನು ಬಹಳ ಹೊತ್ತು ನೋಡಿದರು. ಬೆರಳಿನಿಂದ ಮುಟ್ಟಿದರು. "ಇದೂ ಹೀಟರ್ ಜೊತೇಲೇ ಬಂತಾ?"

"ಹೂಂ," ಎಂದ ಸೋಪಣ್ಣ.

ನಾನು ಕಪಾಟಿನ ಕೀಲು ಬಿಗಿಯುತ್ತಿದ್ದೆ. ತಲೆ ಎತ್ತಲಿಲ್ಲ. ಒಬ್ಬ ಮನುಷ್ಯ ಹದಿನೇಳು ವರ್ಷದಲ್ಲಿ ಆಡಿದ ಒಂದೇ ಸುಳ್ಳು ನನ್ನ ಕಿವಿಯ ಪಕ್ಕ ಆಯಿತು, ನಾನು ತಿರುಪು ತಿರುಗಿಸುತ್ತಲೇ ಇದ್ದೆ.

ಭಾವ ಹೊರಟುಹೋದರು. ಪರದೆಯ ಕೆಲಸವನ್ನು ಇನ್ನಾರೋ ಮುಗಿಸಿದ್ದರಂತೆ, ಅವರು ಸುಮ್ಮನೆ ಆ ಬೆಟ್ಟದೂರಿನಲ್ಲೇ ಬಸ್ಸು ನಿಲ್ಲಿಸಿಕೊಂಡಿದ್ದರು. ವಾರಕ್ಕೊಮ್ಮೆ ಫೋನು ಮಾಡುತ್ತಿದ್ದರು. ಅವರ ಹತ್ತಿರ ಇದ್ದದ್ದು ಅಕ್ಕನ ಫೋನು, ಆದ್ದರಿಂದ ಪ್ರತಿ ಸಲ ಸೋಪಣ್ಣನ ಫೋನಿನಲ್ಲಿ 'ಅಕ್ಕ' ಎಂದೇ ಬೆಳಗುತ್ತಿತ್ತು. ಹೀಟರ್ ಚೆನ್ನಾಗಿ ನಡೆಯುತ್ತಿದೆ, ಬಸ್ಸು ಬೆಚ್ಚಗಿದೆ, ನಿನ್ನ ಕೈ ಚಿನ್ನದಂಥದ್ದು ಎಂದು ಭಾವ ಹೇಳುತ್ತಿದ್ದರು. ಕೊನೆಗೆ ಒಂದು ಮಾತು ತಪ್ಪದೆ ಬರುತ್ತಿತ್ತು. ಕಿಂಡಿ ಮುಚ್ಚಬಾರದಿತ್ತು ಕಣಪ್ಪ, ಎನ್ನುತ್ತಿದ್ದರು. ಇವನು ಹೂಂ ಎನ್ನುತ್ತಿದ್ದ.

ಸೋಪಣ್ಣನ ಕೆಲಸ ಕೆಡತೊಡಗಿತು. ಕೆಟ್ಟಿತು ಎಂದರೆ ತಪ್ಪಾಯಿತು ಎಂದಲ್ಲ, ಮುಗಿಯುತ್ತಿರಲಿಲ್ಲ. ಮಾಡಿದ ಕೂಡಿಕೆ ಬಿಚ್ಚಿ ಮತ್ತೆ ಕೂಡಿಸುತ್ತಿದ್ದ. ಒಂದು ಸಣ್ಣ ವ್ಯಾನಿನ ಮೇಲೆ ಹತ್ತು ದಿನ. ಬೀರುವಿನ ಹಾಳೆ ಕಿತ್ತು ಹೊಸದು ಬರೆದ. ಎಚ್ಚರಿಕೆ ಗಂಟೆಯನ್ನು ಮೊದಲ ಸಾಲಿಗೆ ತಂದ, ಕೊನೆಯ ಸಾಲಿನಲ್ಲೂ ಉಳಿಸಿದ. ಗಾಡಿ ಬಂದ ಕೂಡಲೇ ಹಳೆಯದೊಂದನ್ನು ಹಾಕುವುದು, ಕೆಲಸ ಮುಗಿದ ಮೇಲೆ ಹೊಸದನ್ನು. ಧೂಳಿಗೆ ಕೆಟ್ಟರೆ ಹಳೆಯದು ಕೆಡುತ್ತದೆ. ಅದನ್ನು ನನಗೆ ತೋರಿಸಿ, "ಇಷ್ಟೇ ಇತ್ತು ನೋಡು," ಎಂದ.

ಒಂದು ದಿನ ಅವನು ಮರೆತುಬಂದ ಊಟದ ಡಬ್ಬಿ ಹಿಡಿದು ಅವನ ಹೆಂಡತಿ ಶೆಡ್ಡಿಗೆ ಬಂದರು. ಡಬ್ಬಿ ನೆಪ. ನನ್ನನ್ನು ಬದಿಗೆ ಕರೆದು, "ಅಣ್ಣ, ಅಕ್ಕ ಹೋದ ದುಃಖ ಅಂದ್ಕೊಂಡಿದ್ದೆ. ಇದು ದುಃಖ ಅಲ್ಲ. ಭಾವನ ಫೋನು ಬಂದ್ರೆ ಎದ್ದು ಹೊರಗೆ ಹೋಗ್ತಾರೆ ಇವರು. ಏನು ನಡೀತು ಅಂತ ನಿಮಗೆ ಗೊತ್ತಾ?" ಎಂದು ಕೇಳಿದರು. ಗೊತ್ತಿಲ್ಲ ಎಂದೆ. ಅದು ನನ್ನ ಸುಳ್ಳು.

ಅವತ್ತೇ ಸಂಜೆ ನಾನು ಅವನಿಗೆ ಬುದ್ಧಿ ಹೇಳಿದೆ. ಹೇಳಿ ಏನು ಪ್ರಯೋಜನ, ಸತ್ತವರು ಬರುವುದಿಲ್ಲ, ಭಾವನಿಗೆ ಇನ್ನೊಂದು ಸಂಕಟ ಯಾಕೆ ಎಂದೆ. ಅವನು ಎಲ್ಲ ಕೇಳಿಕೊಂಡು, "ಅವರು ಪೂರ್ತಿ ತಮ್ಮ ತಲೆ ಮೇಲೆ ಹೊತ್ಕೊಂಡಿದ್ದಾರೆ. ಅರ್ಧ ನಂದು. ನಾನು ಕದ್ದಿಟ್ಕೊಂಡಿದ್ದೀನಿ," ಎಂದ. ಅರ್ಧ ಕೊಟ್ಟರೆ ಭಾರ ಇಳಿಯುತ್ತದೆ ಎಂದು ಅವನು ನಂಬಿದ್ದ. ನನಗೆ ಆ ನಂಬಿಕೆ ಇರಲಿಲ್ಲ, ಆದರೆ ತಡೆಯುವ ಧೈರ್ಯವೂ ಇರಲಿಲ್ಲ.

ಚಳಿ ಕಳೆದು ಬಿಸಿಲು ಬಂದ ಮೇಲೆ ಒಂದು ಮಧ್ಯಾಹ್ನ, ಊಟದ ಹೊತ್ತಿನಲ್ಲಿ ಭಾವನ ಫೋನು ಬಂತು. ಸೋಪಣ್ಣ ನನ್ನ ಮೇಜಿನ ಪಕ್ಕವೇ ಕೂತಿದ್ದ. ಎದ್ದು ಹೋಗಲಿಲ್ಲ, ಸಾಕ್ಷಿ ಬೇಕಿತ್ತೋ ಏನೋ. ಭಾವ ಮಾಮೂಲಿನ ಹಾಗೆ ಕಿಂಡಿಯ ಮಾತು ತೆಗೆದಿರಬೇಕು. ಇವನು ಹೇಳಿಬಿಟ್ಟ. ಒಂದೇ ಉಸಿರಿಗೆ, ತೊದಲದೆ, ಗಂಟೆ ತನ್ನ ಹತ್ತಿರ ಇದ್ದದ್ದು, ಹಾಕದೆ ಕಳಿಸಿದ್ದು, ಆಮೇಲೆ ಸುಳ್ಳು ಹೇಳಿದ್ದು. ಶೆಡ್ಡಿನಲ್ಲಿ ಬೇರೆ ಸದ್ದಿರಲಿಲ್ಲ, ಭಾವನ ದನಿ ನನಗೂ ಕೇಳಿಸಿತು.

"ಯಾವಾಗಿಂದ ಇತ್ತು ನಿನ್ನ ಹತ್ರ?"

"ಬೇಸಿಗೆಯಿಂದ."

"ಅವಳು ಅಲ್ಲಿಗೆ ಬಂದಾಗ ಇತ್ತು."

"ಇತ್ತು ಭಾವ."

"ಹಾಕಿದ್ರೆ ಕೂಗ್ತಿತ್ತು."

"ಕೂಗ್ತಿತ್ತು."

ಯಾವುದೋ ಲಾರಿ ದೂರದಲ್ಲಿ ಹಾದುಹೋದ ಸದ್ದು ಅಲ್ಲಿಂದ ಕೇಳಿಸಿತು. ಕೊನೆಗೆ ಭಾವ, "ಸರಿ," ಎಂದರು. ಸಿಟ್ಟಿರಲಿಲ್ಲ. ಬಸ್‌ಸ್ಟಾಪಿನಲ್ಲಿ ಗುರುತಿಲ್ಲದವರು ದಾರಿ ಹೇಳಿದಾಗ ಅನ್ನುತ್ತಾರಲ್ಲ, ಆ ಸರಿ. ಫೋನು ಕಟ್ಟಾಯಿತು.

ಮುಂದಿನ ವಾರ ಫೋನು ಬರಲಿಲ್ಲ. ಇವನು ಮಾಡಿದರೆ ಆ ಕಡೆ ಆಫ್ ಆಗಿತ್ತು. ಒಂದು ತಿಂಗಳು ಕಾದು ಬೆಳಗಿನ ಬಸ್ಸಿಗೆ ಬೆಟ್ಟದೂರಿಗೆ ಹೋದ. ವಸತಿಗೃಹದ ಹಿಂದಿನ ಬಯಲಿನಲ್ಲಿ ಬಸ್ಸು ನಿಂತಿದ್ದ ಜಾಗದಲ್ಲಿ ಚಕ್ರದ ನಾಲ್ಕು ಗುಳಿ, ಎಣ್ಣೆಯ ಕಲೆ. ಅಲ್ಲಿನ ಮ್ಯಾನೇಜರು ಆ ಯಜಮಾನರು ಹೋಗಿ ತಿಂಗಳ ಮೇಲಾಯಿತು ಎಂದರು. ದಿನ ಕೇಳಿದರೆ ಅದು ಫೋನು ಕಟ್ಟಾದ ಮರುದಿನ. ಎಲ್ಲಿಗೆಂದು ಹೇಳಲಿಲ್ಲವಂತೆ. ಹೊಲಿಗೆ ಯಂತ್ರವನ್ನು ಮಾತ್ರ ಅಲ್ಲಿ ಬಟ್ಟೆ ಒಗೆಯುವ ಹೆಂಗಸಿಗೆ ಕೊಟ್ಟು ಹೋಗಿದ್ದರು. ಸೋಪಣ್ಣ ಆಕೆಯ ಕೋಣೆಯ ಬಾಗಿಲಲ್ಲಿ ನಿಂತು ಅದನ್ನು ನೋಡಿ ಬಂದ. ಆಕೆ ಚಹಾ ಕೊಡಲು ಹೋದರೆ ಬೇಡ ಎಂದನಂತೆ.

ಆಮೇಲೂ ಎರಡು ಸಲ ಹುಡುಕಿಕೊಂಡು ಹೋದ, ಬೇರೆ ಬೇರೆ ಸಂತೆಯ ಊರುಗಳಿಗೆ. ಅಷ್ಟು ದೊಡ್ಡ ಹಸಿರು ಬಸ್ಸು, ಪಕ್ಕಕ್ಕೆ ಇನ್ನೂ ಮಾಸಿದ ಅಕ್ಷರದಲ್ಲಿ ಗ್ರಂಥಾಲಯ ಎಂದು ಬರೆದಿರುವಂಥದ್ದು, ಯಾರೂ ಕಂಡಿಲ್ಲವೆಂದರು. ಭಾವ ಅವನನ್ನು ದೂರಿದ್ದರೆ, ಬೈದಿದ್ದರೆ, ಶೆಡ್ಡಿಗೆ ಬಂದು ಕಪಾಳಕ್ಕೆ ಹೊಡೆದಿದ್ದರೆ ಅವನು ತಡೆದುಕೊಳ್ಳುತ್ತಿದ್ದ ಎನಿಸುತ್ತದೆ. ಭಾವ ಈಗ ಕಿಂಡಿಯ ಮಾತನ್ನು ಯಾರ ಹತ್ತಿರ ಆಡುತ್ತಾರೋ, ಅಥವಾ ಆಡುವುದನ್ನೇ ಬಿಟ್ಟರೋ ಗೊತ್ತಿಲ್ಲ.

ಈ ನಡುವೆ ಮಾಲೀಕರು ಅವನನ್ನು ನೀರಿನ ಪೈಪಿನ ಕೆಲಸಕ್ಕೆ ಹಾಕಿದ್ದಾರೆ. ನೀರು ಸೋರಿದರೆ ನೆಲ ಒದ್ದೆಯಾಗುತ್ತದೆ, ಅಷ್ಟೇ. ಗ್ಯಾಸಿಗೆ ಬೇರೊಬ್ಬರು ಬಂದಿದ್ದಾರೆ, ಒಳ್ಳೆಯ ಕೆಲಸಗಾರರು, ನನ್ನ ಕಪಾಟಿನ ಬಗ್ಗೆ ತಕರಾರೇ ಇಲ್ಲ. ಅಂತರ ಎಷ್ಟಿರಬೇಕೆಂದು ಈಗ ನಾನೇ ಅಳೆದುಕೊಳ್ಳುತ್ತೇನೆ.

ಮೊನ್ನೆ ಊಟದ ಹೊತ್ತಿನಲ್ಲಿ ಸೋಪಣ್ಣ ನನ್ನನ್ನು ಕೇಳಿದ: "ಮೊದಲೇ ಹೇಳಿದ್ರೆ ಹೀಗಾಗ್ತಿರಲಿಲ್ಲವೋ, ಹೇಳದೇ ಇದ್ದಿದ್ರೆ ಆಗ್ತಿರಲಿಲ್ಲವೋ?"

ನಾನು ಹೇಳಬೇಡ ಎಂದವನು. ಹೇಳುವಾಗ ಪಕ್ಕದಲ್ಲೇ ಇದ್ದವನು. ಅವನು ಅರ್ಧ ಉಂಡ ಡಬ್ಬಿ ಮುಚ್ಚಿ ಎದ್ದು, ವ್ಯಾನಿನ ಕೆಳಗೆ ಬೆನ್ನ ಮೇಲೆ ಜಾರಿ ಒಳಗೆ ಹೋದ. ಬಹಳ ಹೊತ್ತು ಒಳಗಿನಿಂದ ಪೈಪು ಬಿಗಿಯುವ ಪಾನೆಯ ಸದ್ದು ಬರಲಿಲ್ಲ. ಕರೆಯಲೇ ಬೇಡವೇ ಎಂದುಕೊಂಡು ನಾನು ಅಲ್ಲೇ, ಅವನ ಚಾಚಿದ ಕಾಲುಗಳ ಪಕ್ಕ ಕೂತೆ.